ಅಪ್ಪನ ಊದುವ ಪರೀಕ್ಷೆಯಲ್ಲಿ 0.68 ಬಂದಿದೆ, ಇದು ರೋಗವಾ?

ಪ್ರಶ್ನೆ: ಡಾಕ್ಟರ್ ಸಾಹೇಬ್ರೇ, ನಮ್ಮಪ್ಪನಿಗೆ 74 ವರ್ಷ. ಇಳಕಲ್‌ನಲ್ಲಿ ಮಗ್ಗದ ಮೇಲೆ ಕೂತೇ ಆಯುಷ್ಯ ಕಳೆದವರು. ಬೀಡಿ ಮುಟ್ಟಿಲ್ಲ. ಹರ್ನಿಯಾ ಆಪರೇಷನ್‌ಗೆ ಮುಂಚೆ ಬಾಗಲಕೋಟೆಯಲ್ಲಿ ಸ್ಪೈರೋಮೆಟ್ರಿ ಮಾಡಿಸಿದ್ವಿ. ಎಫ್‌ಇವಿ1 ಶೇ 79, ಎಫ್‌ಇವಿ1/ಎಫ್‌ವಿಸಿ 0.68 ಬಂದಿದೆ. ಶ್ವಾಸನಾಳದಲ್ಲಿ ಅಡಚಣೆ ಅಂತ ರಿಪೋರ್ಟ್ ಹೇಳುತ್ತೆ. ಅವರಿಗೆ ದಮ್ಮೂ ಇಲ್ಲ, ಕೆಮ್ಮೂ ಇಲ್ಲ, ದಿನಾ ಗುಡಿಗೆ ನಡೆದೇ ಹೋಗಿ ಬರ್ತಾರೆ. ಇನ್ಹೇಲರ್ ಶುರು ಮಾಡಬೇಕಾ?

ಉತ್ತರ: ಈ ಒಂದು ಹಾಳೆ ನೋಡಿ ಶುರು ಮಾಡಬೇಡಿ.

ಎಫ್‌ವಿಸಿ ಅಂದರೆ ಪೂರ್ತಿ ಉಸಿರು ಎಳೆದುಕೊಂಡು ಜೋರಾಗಿ ಊದಿದಾಗ ಹೊರಬರುವ ಒಟ್ಟು ಗಾಳಿ, ಎಫ್‌ಇವಿ1 ಅಂದರೆ ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲೇ ಬಂದದ್ದು. ಇವೆರಡರ ಅನುಪಾತ 0.70ಕ್ಕಿಂತ ಕಡಿಮೆ ಬಂದರೆ ಅಡಚಣೆ ಅನ್ನೋದು ಬಹಳ ಕಡೆ ಬಳಸುವ ಗೆರೆ. ಆದರೆ ವಯಸ್ಸಾದಂತೆ ಶ್ವಾಸಕೋಶದ ಎಳೆತ ಸಡಿಲವಾಗುತ್ತೆ, ಪಕ್ಕೆಗೂಡು ಬಿಗಿಯಾಗುತ್ತೆ, ಹಾಗಾಗಿ ಆರೋಗ್ಯವಾಗಿರುವವರಲ್ಲೂ ಈ ಅನುಪಾತ ಮೆಲ್ಲಗೆ ಇಳಿಯುತ್ತೆ. 74ರ ಹಿರಿಯರಲ್ಲಿ 0.68 ಸಹಜವೇ ಇರಬಹುದು. ರಿಪೋರ್ಟಿನಲ್ಲಿ ಎಲ್‌ಎಲ್‌ಎನ್ ಅಂತ ಒಂದು ಕಾಲಂ ಇದೆಯಾ ನೋಡಿ. ಅದೇ ವಯಸ್ಸಿನ ಆರೋಗ್ಯವಂತರಲ್ಲಿ ಕೆಳಗಿನ ಶೇ 5 ಜನರನ್ನು ಬೇರ್ಪಡಿಸುವ ಗೆರೆ ಅದು. ಅಪ್ಪನ ಅಂಕಿ ಅದಕ್ಕಿಂತ ಮೇಲಿದ್ದರೆ ಅಡಚಣೆ ಅನ್ನೋ ಮಾತೇ ಬಿದ್ದುಹೋಗುತ್ತೆ.

ಇನ್ನು ಎಫ್‌ಇವಿ1 ಶೇ 79. ಯಾರಿಗೆ ಹೋಲಿಸಿ 79 ಅಂತ ಕೇಳಬೇಕಲ್ವಾ? ಇಷ್ಟು ವಯಸ್ಸು, ಇಷ್ಟು ಎತ್ತರದವರಿಗೆ ಇಷ್ಟು ಗಾಳಿ ಬರಬೇಕು ಅಂತ ಲೆಕ್ಕ ಹಾಕೋಕೆ ಯಂತ್ರದೊಳಗೆ ಯಾವ ಸೂತ್ರ ಕೂತಿದೆಯೋ ಅದರ ಮೇಲೆ ಇದು ನಿಂತಿದೆ. ಯುರೋಪಿನ ಒಂದು ಹಳೆಯ ಸೂತ್ರ 18ರಿಂದ 70 ವರ್ಷದವರಿಗಷ್ಟೇ ಮಾಡಿದ್ದು. ಅದರಲ್ಲಿ 74ರವರನ್ನು ಅಳೆಯೋದು ಸರಿಯಲ್ಲ. 2012ರಲ್ಲಿ ಬಂದ ಜಿಎಲ್‌ಐ ಅನ್ನೋ ಅಂತರರಾಷ್ಟ್ರೀಯ ಸೂತ್ರ 95 ವರ್ಷದವರೆಗೂ ಹೋಗುತ್ತೆ, ಆದರೆ ಅದರಲ್ಲೂ ಭಾರತೀಯರಿಗೆ ಅಂತ ಪ್ರತ್ಯೇಕ ಗುಂಪಿಲ್ಲ. ಬಿಳಿಯರ ಲೆಕ್ಕದಲ್ಲಿ ನೋಡಿದರೆ ನಮ್ಮವರ ಎಫ್‌ಇವಿ1, ಎಫ್‌ವಿಸಿ ಎರಡೂ ಕಡಿಮೆ ಕಾಣುತ್ತವೆ, ಆದರೆ ಅನುಪಾತ ಹೆಚ್ಚು ಬದಲಾಗಲ್ಲ. ಕಡಿಮೆ ಬರೋದಕ್ಕೆ ಮೈಕಟ್ಟೂ ಒಂದು ಕಾರಣ, ಚಿಕ್ಕಂದಿನಲ್ಲಿ ಊಟ ಕಡಿಮೆ ಬಿದ್ದದ್ದು, ಒಲೆಯ ಹೊಗೆ ಕುಡಿದದ್ದು ಕೂಡ ಕಾರಣ ಇರಬಹುದು. ಹಾಗಾಗಿ ನಮ್ಮ ಜನಕ್ಕೆ ಇಷ್ಟೇ ಅಂತ ಸುಮ್ನೆ ಕೈ ಬಿಡೋದೂ ನನಗೆ ಒಪ್ಪಿಗೆ ಇಲ್ಲ.

ಎತ್ತರ ಹೇಗೆ ತಗೊಂಡ್ರು? ಹಳೇ ಎತ್ತರ ಬಾಯಲ್ಲಿ ಹೇಳಿ ಬರೆಸಿದ್ದರೆ ಲೆಕ್ಕ ತಪ್ಪಿದೆ. ವಯಸ್ಸಾದ ಮೇಲೆ ಮನುಷ್ಯ ಕುಗ್ಗುತ್ತಾನೆ, ಯಂತ್ರ ಮಾತ್ರ ಎತ್ತರದವನಿಂದ ಜಾಸ್ತಿ ಗಾಳಿ ಬಯಸುತ್ತೆ. ಚಪ್ಪಲಿ ಬಿಚ್ಚಿಸಿ ಗೋಡೆಗೆ ನಿಲ್ಲಿಸಿ ಅಳೆಯಿರಿ, ಬೆನ್ನು ಬಾಗಿದ್ದರೆ ಕೈ ಚಾಚಿಸಿ ಈ ಬೆರಳ ತುದಿಯಿಂದ ಆ ಬೆರಳ ತುದಿವರೆಗೆ ಅಳೆಯಿರಿ.

ಆಮೇಲೆ ಪರೀಕ್ಷೆ ಮತ್ತೊಮ್ಮೆ ಮಾಡಿಸಿ, ಈ ಸಲ ಶ್ವಾಸನಾಳ ಅಗಲಿಸುವ ಔಷಧಿ ಕೊಟ್ಟು 15 ನಿಮಿಷ ಬಿಟ್ಟು. ಹತ್ತಿಯ ಧೂಳಿನಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ರಜೆ ಮುಗಿಸಿ ಮಗ್ಗಕ್ಕೆ ಮರಳಿದ ಮೊದಲ ದಿನ ಎದೆ ಬಿಗಿತಿತ್ತಾ ಅಂತ ಅಪ್ಪನನ್ನೇ ಕೇಳಿ, ಆ ಧೂಳು ಶ್ವಾಸನಾಳಕ್ಕೆ ತಾಗಿದ್ದರ ಗುರುತು ಅದು.