ಸಂಪಾದಕರ ಉತ್ತರ: ಬಾಗಾ ಬಿಟ್ಟು ಅಗೋಂಡಾಕ್ಕೆ ಹೋದದ್ದು ತಪ್ಪಾ?

ಭಾಗ್ಯನಗರದ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ. ಸಾರ ಇಷ್ಟು: ಜನವರಿಯಲ್ಲಿ ಗಂಡ ಮತ್ತು ಏಳು ವರ್ಷದ ಮಗನ ಜೊತೆ ಗೋವಾಕ್ಕೆ ಹೋಗಿದ್ದರು. ಬಾಗಾದ ಹೋಟೆಲಿಗೆ ಐದು ರಾತ್ರಿಯ ಹಣ ಮುಂಚೆಯೇ ಕಟ್ಟಿದ್ದರು. ಪಕ್ಕದ ಕ್ಲಬ್ಬಿನ ಸದ್ದಿಗೆ ಎರಡು ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ. ಮೂರನೇ ದಿನ ಈಕೆ ಹಟ ಹಿಡಿದು ಎಲ್ಲರನ್ನೂ ದಕ್ಷಿಣದ ಅಗೋಂಡಾಕ್ಕೆ ಕರೆದುಕೊಂಡು ಹೋದರು. ಅಲ್ಲಿ ಚೆನ್ನಾಗಿತ್ತು. ಆದರೆ ಬಾಗಾದ ಮೂರು ರಾತ್ರಿಯ ಬಾಡಿಗೆ ಮುಳುಗಿತು. ‘ದುಡ್ಡು ಸಮುದ್ರಕ್ಕೆ ಚೆಲ್ಲಿ ಬಂದರು’ ಅಂತ ಅತ್ತೆ ಇವತ್ತಿಗೂ ಅನ್ನುತ್ತಾರೆ. ಗಂಡ ಏನೂ ಮಾತಾಡುವುದಿಲ್ಲ. ‘ನಾನು ಮಾಡಿದ್ದು ತಪ್ಪಾ? ಈ ಸಲ ಅತ್ತೆಯನ್ನೂ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಎಲ್ಲಿ ಉಳಿಯಲಿ?’ ಅಂತ ಕೇಳಿದ್ದಾರೆ.

ತಂಗೀ,

ನೀವು ತಪ್ಪು ಮಾಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ಮೂರನೇ ದಿನದ ಬೆಳಿಗ್ಗೆ ನೆನಪು ಮಾಡಿಕೊಳ್ಳಿ. ಕಟ್ಟಿದ ಹಣ ಆಗಲೇ ಹೋಟೆಲಿನವರ ಹತ್ತಿರ ಇತ್ತು. ನೀವು ಅಲ್ಲೇ ನಿದ್ದೆಗೆಟ್ಟು ಬಿದ್ದುಕೊಂಡಿದ್ದರೆ ಅದರಲ್ಲಿ ಒಂದು ರೂಪಾಯಿಯೂ ವಾಪಸ್ ಬರುತ್ತಿರಲಿಲ್ಲ. ನಿಮ್ಮ ಕೈಯಲ್ಲಿ ಇದ್ದದ್ದು ಮೂರು ರಾತ್ರಿ ಮಾತ್ರ. ಅತ್ತೆ ಮೊದಲಿಂದ ಹೊಲ ನೋಡಿಕೊಂಡವರು ಅಂತ ಬರೆದಿದ್ದೀರಿ. ಮುಂಗಾರಿಗೆ ಹೆಸರು ಬಿತ್ತಿ, ಮಳೆ ಕೈಕೊಟ್ಟು ಮೊಳಕೆ ಸರಿಯಾಗಿ ಏಳದಿದ್ದರೆ ಅವರು ಏನು ಮಾಡುತ್ತಿದ್ದರು? ಬೀಜಕ್ಕೆ, ಗೊಬ್ಬರಕ್ಕೆ ದುಡ್ಡು ಹಾಕಿದ್ದೇವೆ ಅಂತ ಸುಮ್ನೆ ನೋಡುತ್ತಾ ಕೂರುತ್ತಿರಲಿಲ್ಲ. ಹರಗಿ ಬೇರೆ ಬಿತ್ತುತ್ತಿದ್ದರು. ನೀವು ಮಾಡಿದ್ದೂ ಅದನ್ನೇ. ಒಮ್ಮೆ ಈ ರೀತಿ ಹೇಳಿ ನೋಡಿ, ಅವರಿಗೆ ನಮಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಇದು ನನಗೂ ಆದ ಅನುಭವ. ಬಹಳ ವರ್ಷದ ಹಿಂದೆ ಕರಾವಳಿಯ ಒಂದು ಲಾಡ್ಜಿನಲ್ಲಿ ಮೂರು ದಿನಕ್ಕೆ ಹಣ ಕಟ್ಟಿದ್ದೆವು. ಕೋಣೆಯ ಕಿಟಕಿಯ ಕೆಳಗೇ ಜನರೇಟರ್. ಹೆಂಡತಿ ಮೊದಲ ರಾತ್ರಿಯೇ ಬೇರೆ ಕಡೆ ಹೋಗೋಣ ಅಂದಳು. ದುಡ್ಡು ಕೊಟ್ಟಾಗಿದೆ ಅಂತ ನಾನು ಒಪ್ಪಲಿಲ್ಲ. ಆ ಪ್ರವಾಸದ ಮಾತು ಬಂದರೆ ಇವತ್ತಿಗೂ ಮನೆಯಲ್ಲಿ ಯಾರಿಗೂ ಸಮುದ್ರ ನೆನಪಾಗುವುದಿಲ್ಲ, ಜನರೇಟರ್ ನೆನಪಾಗುತ್ತದೆ. ನಿಮ್ಮ ಮಗ ಅಗೋಂಡಾದ ಮರಳಲ್ಲಿ ಏಡಿಯ ಹಿಂದೆ ಓಡಿದ್ದನ್ನು ಹೇಳುತ್ತಿರುತ್ತಾನೆ ಅಂತ ಬರೆದಿದ್ದೀರಲ್ಲ, ಅದಕ್ಕೆ ಬೆಲೆ ಇಲ್ವಾ?

ನಿಮ್ಮವರ ಮೌನವನ್ನೂ ಕೋಪ ಅಂತ ತಿಳಿಯಬೇಡಿ. ಅಂಗಡಿ ಮುಚ್ಚಿ ಐದು ದಿನ ಹೋಗುವುದು ಸಣ್ಣ ಮಾತಲ್ಲ. ಆ ದುಡ್ಡು ಕೂಡಿಸಿದ ಕಷ್ಟ ಅವರಿಗೆ ಗೊತ್ತು.

ಆದರೆ ಒಂದು ಕಡೆ ನೀವು ಅವಸರ ಮಾಡಿದಿರಿ. ಬೆಳಿಗ್ಗೆ ಗಂಟು ಕಟ್ಟಿ, ಕೀಲಿ ಕೊಟ್ಟು ಹೊರಟುಬಿಟ್ಟಿರಿ. ಹೊರಡುವ ಮುಂಚೆ ಮ್ಯಾನೇಜರ್ ಹತ್ತಿರ ಕೂತು ಮಾತಾಡಬೇಕಿತ್ತು. ಮೊದಲ ರಾತ್ರಿಯೇ ಹಿಂಬದಿಯ ಕೋಣೆ ಕೇಳಬಹುದಿತ್ತು. ಬೀದಿ ಕಡೆಯ ಕೋಣೆಗೂ ಹಿಂಬದಿಯ ಕೋಣೆಗೂ ಎಷ್ಟೋ ಸಲ ಅಜಗಜಾಂತರ ಇರುತ್ತದೆ. ಅದೂ ಆಗದಿದ್ದರೆ ಉಳಿದ ರಾತ್ರಿಗಳ ಹಣದಲ್ಲಿ ಸ್ವಲ್ಪವಾದರೂ ವಾಪಸ್ ಕೇಳಬೇಕು. ಬಾಯಿಮಾತಿನಲ್ಲಿ ಬೇಡ. ಯಾವ ಆ್ಯಪ್‌ನಲ್ಲಿ ಬುಕ್ ಮಾಡಿದ್ದಿರೋ ಅದರಲ್ಲೇ ಬರೆದು ಕೇಳಬೇಕು, ರಾತ್ರಿಯ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಬೇಕು. ಕೊಟ್ಟೇ ಕೊಡುತ್ತಾರೆ ಅಂತ ಅಲ್ಲ. ಕೇಳದೇ ಇದ್ದರಂತೂ ಕೊಡುವುದಿಲ್ಲ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಅಂತ ಕೇಂದ್ರದ 2000ದ ನಿಯಮ ಇದೆ. 112ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆದರೆ ಮಗು ಕಟ್ಟಿಕೊಂಡು ರಜೆಗೆ ಹೋದವರು ಅದರ ಹಿಂದೆ ಬೀಳುವುದಕ್ಕಿಂತ ಜಾಗ ಬದಲಿಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಒಂದೇ ಗೋವಾದಲ್ಲಿ ಎರಡು ಬೀಚ್ ಇಷ್ಟು ಬೇರೆ ಯಾಕೆ ಅಂತಲೂ ಕೇಳಿದ್ದೀರಿ. ಕ್ಯಾಂಡೋಲಿಮ್, ಕಲಂಗುಟ್, ಬಾಗಾ ಮೂರೂ ಒಂದೇ ಉದ್ದನೆಯ ಮರಳಿನ ಪಟ್ಟಿ. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಪಣಜಿಯೂ ಹತ್ತಿರ. ಹಾಗಾಗಿ ಹೋಟೆಲು, ಬಾರು, ಕ್ಲಬ್ಬು ಎಲ್ಲ ಅಲ್ಲಿಯೇ ಸೇರಿಕೊಂಡಿವೆ. ಅಗೋಂಡಾ ಇರುವುದು ಕಾಣಕೋಣ ತಾಲ್ಲೂಕಿನಲ್ಲಿ, ನಮ್ಮ ಕಾರವಾರದ ಗಡಿಗೆ ಅಂಟಿಕೊಂಡು. ಅಲ್ಲಿ ಗುಡ್ಡಗಳು ಸಮುದ್ರದವರೆಗೂ ಬಂದಿವೆ. ಅವುಗಳ ನಡುವೆ ಸಣ್ಣ ಸಣ್ಣ ಬೀಚುಗಳು, ಒಂದರ ಸದ್ದು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಜೊತೆಗೆ ಅಗೋಂಡಾದಲ್ಲಿ ಚಳಿಗಾಲಕ್ಕೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮೊಟ್ಟೆಯಿಂದ ಹೊರಬಂದ ಮರಿಗಳು ಸಮುದ್ರದ ಕಡೆಯ ಬೆಳಕು ನೋಡಿ ದಾರಿ ಹಿಡಿಯುತ್ತವೆ. ದಡದಲ್ಲಿ ದೀಪ ಜಾಸ್ತಿ ಇದ್ದರೆ ಆ ಕಡೆ ತಿರುಗಿಬಿಡುತ್ತವೆ. ಅದಕ್ಕೇ ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬೇಲಿ ಹಾಕುತ್ತಾರೆ, ದೀಪಕ್ಕೂ ಸದ್ದಿಗೂ ಅಲ್ಲಿ ಕಟ್ಟುಪಾಡು. ನಿಮ್ಮ ಮಗ ನಿಶ್ಚಿಂತೆಯಿಂದ ಮಲಗಿದ್ದರಲ್ಲಿ ಆಮೆಗಳ ಪಾಲೂ ಇದೆ.

ಬಾಗಾದಿಂದ ಅಗೋಂಡಾಕ್ಕೆ 80 ಕಿ.ಮೀ.ಗೂ ಜಾಸ್ತಿ. ಟ್ಯಾಕ್ಸಿಗೆ ನೀವು ಕೊಟ್ಟದ್ದು ಓದಿ ನನಗೂ ಹೊಟ್ಟೆ ಉರಿಯಿತು. ಇನ್ನೊಬ್ಬರಿಗಾದರೂ ಉಪಯೋಗವಾಗಲಿ ಅಂತ ಬರೆಯುತ್ತೇನೆ: ಉತ್ತರ ಗೋವಾದ ಥಿವಿಂ ಮತ್ತು ದಕ್ಷಿಣದ ಕಾಣಕೋಣ ಎರಡೂ ಕೊಂಕಣ ರೈಲಿನ ನಿಲ್ದಾಣಗಳು. ಎಲ್ಲ ಗಾಡಿ ನಿಲ್ಲುವುದಿಲ್ಲ, ನೋಡಿಕೊಂಡು ಹತ್ತಬೇಕು. ಕದಂಬ ಬಸ್ಸಿನಲ್ಲಾದರೆ ಪಣಜಿ, ಮಡಗಾಂವ್‌ನಲ್ಲಿ ಬದಲಿಸಿ ಹೋಗಬಹುದು. ನೀವು ಕೊಪ್ಪಳದಿಂದ ಅಮರಾವತಿ ರೈಲಿಗೆ ಹೋಗಿ ಇಳಿದದ್ದೇ ಮಡಗಾಂವ್‌ನಲ್ಲಿ ಅಲ್ವಾ? ಅದೇ ದಕ್ಷಿಣ ಗೋವಾ. ಅಲ್ಲಿಂದ ನೇರ ಕಾಣಕೋಣದ ಕಡೆ ಹೊರಟಿದ್ದರೆ ಸುಮಾರು 40 ಕಿ.ಮೀ.ಗೆ ಮುಗಿಯುತ್ತಿತ್ತು. ಗೋವಾ ಅಂದರೆ ಬಾಗಾ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ನೀವೂ ನಂಬಿದಿರಿ.

ಈಗ ಅತ್ತೆಯವರ ವಿಷಯ. ಅಗೋಂಡಾ ಅವರಿಗೆ ಬೇಡ. ಅಲ್ಲಿ ಅಲೆಯ ಸೆಳೆತ ಜಾಸ್ತಿ, ಮೊದಲ ಸಲ ಸಮುದ್ರ ನೋಡುವವರಿಗೆ ಧೈರ್ಯ ಬರುವುದಿಲ್ಲ. ಹತ್ತಿರದ ಪಾಲೋಲೆಂ ಒಳ್ಳೆಯದು. ಬಾಗಿದ ದಡ, ಮೆಲ್ಲನೆ ಆಳವಾಗುವ ನೀರು. ಸೆರಗು ಎತ್ತಿ ಹಿಡಿದು ಮೊಣಕಾಲಿನವರೆಗೆ ಇಳಿದು ನಿಲ್ಲಬಹುದು. ಆದರೆ ಪಾಲೋಲೆಂ ದಡದಲ್ಲೂ ಜನ ಇರುತ್ತಾರೆ, ಬೀಚಿನ ನಡುಭಾಗ ಬಿಟ್ಟು ತುದಿಯಲ್ಲಿ ಕೋಣೆ ಹಿಡಿಯಿರಿ. ಊಟದ ಚಿಂತೆ ಇದ್ದರೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಗಂಟಿನಲ್ಲಿರಲಿ.

ಅಥವಾ ಗೋಕರ್ಣ. ನನ್ನ ಮನಸ್ಸು ಆ ಕಡೆಗೇ ವಾಲುತ್ತದೆ. ಕೊಪ್ಪಳದ ನಡುವೆ ಹಾದುಹೋಗುವ ಹೆದ್ದಾರಿಗೆ ಹಿಂದೆ 63 ಅಂತ ನಂಬರ್ ಇತ್ತಲ್ಲ, ಅದು ಗುತ್ತಿಯಿಂದ ಹೊರಟು ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಅರಬೈಲ್ ಘಾಟಿ ಇಳಿದು ಅಂಕೋಲಾದಲ್ಲಿ ಮುಗಿಯುತ್ತಿತ್ತು. ನಂಬರ್ ಬದಲಾಗಿದೆ, ದಾರಿ ಅದೇ ಇದೆ. ಅತ್ತೆಯವರಿಗೆ ಮಹಾಬಲೇಶ್ವರನ ದರ್ಶನವೂ ಆಗುತ್ತದೆ, ಗುಡಿಯಿಂದ ಸಮುದ್ರಕ್ಕೆ ನಡೆದೇ ಹೋಗಬಹುದು. ಓಂ ಬೀಚಿಗೆ ಮೆಟ್ಟಿಲು ಇಳಿಯಬೇಕು, ಮೊಣಕಾಲು ನೋವಿದ್ದರೆ ಅಲ್ಲಿ ಕೋಣೆ ಬೇಡ.

ಎಲ್ಲಿಗೇ ಹೋದರೂ ಡಿಸೆಂಬರ್ ಕೊನೆಯ ವಾರ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಸಮುದ್ರಕ್ಕೆ ಇಳಿಯುವ ಮಾತೇ ಬೇಡ. ಕೋಣೆ ಎರಡು ರಾತ್ರಿಗೆ ಮಾತ್ರ ಹಿಡಿಯಿರಿ, ಉಳಿದದ್ದು ಅಲ್ಲಿ ಹೋದ ಮೇಲೆ. ಎರಡನೇ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅತ್ತೆಯವರನ್ನೇ ಕೇಳಿ: ರಾತ್ರಿ ನಿದ್ದೆ ಬಂತಾ, ಇಲ್ಲೇ ಇರೋಣವಾ, ಬೇರೆ ಕಡೆ ಹೋಗೋಣವಾ? ಈ ಸಲ ತೀರ್ಮಾನ ಅವರದೇ ಆಗಲಿ.