ಕೆಂಪು ಮಣ್ಣಲ್ಲಿ ಉಂಗುರ ಹುಡುಕುವ ಮಿಷನ್ನು

ಪ್ರಶ್ನೆ: ಹೋದ ವರ್ಷ ಟೊಮೆಟೊ ಕೀಳುವಾಗ ನನ್ನ ಹೆಂಡತಿಯ ಬೆರಳಿನಿಂದ 5 ಗ್ರಾಂ ಉಂಗುರ ಜಾರಿ ಬಿತ್ತು. ಅರ್ಧ ಎಕರೆ ಹೊಲ. ಆಮೇಲೆ ಎರಡು ಸಲ ರೋಟವೇಟರ್ ಹೊಡೆಸಿದ್ದೇವೆ. ಮೆಟಲ್ ಡಿಟೆಕ್ಟರ್ ತಗೊಳ್ಳೋಣ ಅಂತಿದ್ದೇನೆ. 25,000 ರೂಪಾಯಿವರೆಗೆ ಹಾಕಬಲ್ಲೆ. ಒಬ್ಬರು 5 ಮೀಟರ್ ಆಳದ ಚಿನ್ನ ತೋರಿಸುವ ಮಿಷನ್ ಕೊಡ್ತೀನಿ ಅಂತಾರೆ. ನಂಬಬಹುದಾ?
– ಒಬ್ಬ ಓದುಗ, ಮುಳಬಾಗಿಲು ತಾಲ್ಲೂಕು

ಉತ್ತರ: 5 ಮೀಟರ್ ಯಾಕೆ ಸ್ವಾಮಿ? ನೀವು ಬಾವಿ ತೋಡುತ್ತಿಲ್ಲವಲ್ಲ. ರೋಟವೇಟರ್ ಕತ್ತಿ ಇಳಿಯುವುದೇ ಹೆಚ್ಚೂಕಮ್ಮಿ ಅರ್ಧ ಅಡಿ. ನಿಮ್ಮ ಉಂಗುರ ಆ ಅರ್ಧ ಅಡಿಯೊಳಗೇ ಎಲ್ಲೋ ಇದೆ. ಆಳದ ಹೆಸರಲ್ಲಿ ದುಡ್ಡು ಕೊಡಬೇಡಿ.

ಅವರು ಹೇಳುವ ಮಿಷನ್‌ಗೆ ಪಿಸ್ತೂಲಿನಂಥ ಹಿಡಿ, ಮುಂದೆ ತಿರುಗುವ ಒಂದು ಕಡ್ಡಿ ಇದೆಯಾ? ಇದ್ದರೆ ಅದು ನಮ್ಮ ಕಡೆ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ ಪಾಯಿಂಟ್ ಮಾಡುತ್ತಾರಲ್ಲ, ಅದರ ಅಣ್ಣ. ಕಾಯಿ ಆದರೆ ಚಟ್ನಿಗಾದರೂ ಆಗುತ್ತದೆ. ಎಡಿಇ 651 ಅಂತ ಇಂಥದೇ ಒಂದು ಕಡ್ಡಿಯನ್ನು ಬಾಂಬ್ ಪತ್ತೆ ಯಂತ್ರ ಅಂತ ಇರಾಕಿಗೆ ಮಾರಿದ ಇಂಗ್ಲೆಂಡಿನವನಿಗೆ 2013ರಲ್ಲಿ 10 ವರ್ಷ ಜೈಲಾಯಿತು.

ನಿಮಗೆ ಬೇಕಾಗಿರುವುದು ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನದೇ ಸದ್ದು ಅಡಗಿಸುವ ಏರ್ಪಾಡು. ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಬಂಗಾರಪೇಟೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾಗ ಒಬ್ಬರ ಹತ್ತಿರ ಅಗ್ಗದ ಡಿಟೆಕ್ಟರ್ ತಗೊಂಡೆ. ಅಂಗಡಿ ಮೇಜಿನ ಮೇಲೆ ನಾಣ್ಯ ಇಟ್ಟರೆ ಚೆನ್ನಾಗಿ ಕೂಗಿತು. ರಾಗಿ ಹೊಲಕ್ಕೆ ಇಳಿಸಿದೆ ನೋಡಿ, ಹೆಜ್ಜೆಗೊಂದು ಕೂಗು! 14 ಗುಂಡಿ ತೋಡಿದೆ. ಸಿಕ್ಕಿದ್ದು ಎರಡು ಎತ್ತಿನ ಲಾಳ, ಒಂದು ತುಂಡು ತಂತಿ. ಉಳಿದದ್ದೆಲ್ಲ ಬರೀ ಮಣ್ಣು. ನಮ್ಮ ಮಣ್ಣು ಕೆಂಪಗಿರುವುದೇ ಕಬ್ಬಿಣದ ಅಂಶದಿಂದ. ಮಿಷನ್ನಿಗೆ ಅದೂ ಲೋಹದ ಹಾಗೇ ಕೇಳಿಸುತ್ತದೆ. ಗ್ರೌಂಡ್ ಬ್ಯಾಲೆನ್ಸ್ ಇದ್ದರೆ, ಏನೂ ಇಲ್ಲದ ಜಾಗದಲ್ಲಿ ಮಿಷನ್ನಿನ ತುದಿಯ ತಟ್ಟೆಯನ್ನು ನಾಲ್ಕಾರು ಸಲ ಮೇಲೆ ಕೆಳಗೆ ಮಾಡಿ ಮಣ್ಣಿನ ಸದ್ದು ಅಡಗಿಸಬಹುದು. ತಟ್ಟೆಯೊಳಗಿನ ತಂತಿ ಸುರುಳಿ, ಅಂದರೆ ಕಾಯಿಲ್ ಕೂಡ ಡಬಲ್ ಡಿ (ಇಂಗ್ಲಿಷಿನ D ಆಕಾರದ ಎರಡು ಸುರುಳಿ ಜೋಡಿಸಿದ್ದು) ಇರಲಿ, ಇಂಥ ಮಣ್ಣಿಗೆ ಅದೇ ಸರಿ.

ಕಳೆದಿರುವುದು ಸರ ಅಲ್ಲ, ಉಂಗುರ. ಅದು ನಿಮ್ಮ ಪುಣ್ಯ. ಕಾಯಿಲ್‌ನಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕರೆಂಟು ಹರಿಯುತ್ತದೆ. ಅದರ ಪ್ರಭಾವಕ್ಕೆ ಮಣ್ಣಿನಲ್ಲಿರುವ ಲೋಹದಲ್ಲೂ ಸಣ್ಣ ಕರೆಂಟು ಹುಟ್ಟುತ್ತದೆ. ಉಂಗುರ ಅಂದರೆ ನಮ್ಮ ರಿವೈಂಡಿಂಗ್ ಭಾಷೆಯಲ್ಲಿ ಶಾರ್ಟ್ ಆದ, ಅಂದರೆ ಎರಡು ತುದಿ ಕೂಡಿಕೊಂಡ ಒಂದು ಸುತ್ತು. ಕರೆಂಟು ಸಲೀಸಾಗಿ ಸುತ್ತುತ್ತದೆ, ಸಿಗ್ನಲ್ ಗಟ್ಟಿ ಬರುತ್ತದೆ. ಸಣ್ಣ ಕೊಂಡಿಗಳ ಸರ ಆಗಿದ್ದರೆ ಒಂದೊಂದು ಕೊಂಡಿಯೂ ಬೇರೆ ಬೇರೆ. ಒಳ್ಳೆ ಮಿಷನ್ನೂ ತಡಕಾಡುತ್ತದೆ.

ಆ ಕರೆಂಟು ಸೆಕೆಂಡಿಗೆ ಎಷ್ಟು ಸಾವಿರ ಸಲ ಹಿಂದೆ ಮುಂದೆ ಆಡುತ್ತದೆ ಅನ್ನುವ ಲೆಕ್ಕವೇ ಕಿಲೋಹರ್ಟ್ಸ್. ಉಂಗುರಕ್ಕೆ 12ರಿಂದ 20 ಕಿಲೋಹರ್ಟ್ಸ್ ಒಳಗಿನ ಮಿಷನ್ ಆಗುತ್ತದೆ. ಗ್ಯಾರೆಟ್ ಏಸ್ 250 ಎಲ್ಲರ ಬಾಯಲ್ಲೂ ಇರುವ ಹೆಸರು. ಆದರೆ ಅದು 6.5 ಕಿಲೋಹರ್ಟ್ಸ್, ಗ್ರೌಂಡ್ ಬ್ಯಾಲೆನ್ಸ್ ಕಂಪನಿಯಲ್ಲೇ ಕೂರಿಸಿದ್ದು, ನೀವು ತಿರುಗಿಸಲು ಬರುವುದಿಲ್ಲ. ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್ 12 ಕಿಲೋಹರ್ಟ್ಸ್, ಬ್ಯಾಲೆನ್ಸ್ ನಿಮ್ಮ ಕೈಯಲ್ಲೇ. ನನ್ನ ಓಟು ಆ ಥರದ್ದಕ್ಕೆ. ಆಮದು ಮಾಲು, ರೇಟು ಏರಿಳಿಯುತ್ತದೆ, ಮೂರು ಕಡೆ ಕೇಳಿ. ಬಜೆಟ್ ಮೀರಿದರೆ ಸೆಕೆಂಡ್‌ಹ್ಯಾಂಡ್ ಆದರೂ ಪರವಾಗಿಲ್ಲ, ಆದರೆ ಮಣ್ಣಿನ ಮೇಲೆ ಓಡಿಸಿ ತೋರಿಸದೆ ದುಡ್ಡು ಕೊಡಬೇಡಿ.

ಮನೆಯಲ್ಲಿ ಅಷ್ಟೇ ತೂಕದ ಇನ್ನೊಂದು ಉಂಗುರ ಇದ್ದರೆ ಅದಕ್ಕೆ ಉದ್ದ ಕೆಂಪು ದಾರ ಕಟ್ಟಿ (ಇದೂ ಹೋದರೆ ಮನೆಯಲ್ಲಿ ಊಟ ಸಿಗದು), ಅದೇ ಹೊಲದಲ್ಲಿ 4 ಇಂಚು ಹೂತು ತಟ್ಟೆ ಆಡಿಸಿ. ಪರದೆ ಮೇಲೆ ಬರುವ ನಂಬರ್ ಬರೆದುಕೊಳ್ಳಿ. ಮಾತ್ರೆ ಪಟ್ಟಿಯ ಅಲ್ಯೂಮಿನಿಯಂ ಕಾಗದವೂ ಹೆಚ್ಚೂಕಮ್ಮಿ ಅದೇ ಆಸುಪಾಸಿನ ನಂಬರ್ ಕೊಡುತ್ತದೆ. ಕಸ ಬೇಡ ಅಂತ ಆ ನಂಬರ್ ಮುಚ್ಚಿಟ್ಟರೆ, ಅಂದರೆ ಅದಕ್ಕೆ ಮಿಷನ್ ಕೂಗದಂತೆ ಮಾಡಿದರೆ, ಉಂಗುರವೂ ಸುಮ್ನೆ ಬಿಟ್ಟುಹೋಗುತ್ತದೆ. ಕಬ್ಬಿಣ ಮಾತ್ರ ಮುಚ್ಚಿ. ಅದಕ್ಕೂ ಮೊದಲು ಟೊಮೆಟೊ ಕಡ್ಡಿಗೆ ಕಟ್ಟಿದ್ದ ತಂತಿ ಚೂರುಗಳನ್ನು ಆಯ್ದುಬಿಡಿ. ಮಳೆ ಬಿದ್ದ ಮಾರನೇ ದಿನ, ಸಾಲಿಗೆ ಹಗ್ಗ ಎಳೆದು, ತಟ್ಟೆ ನೆಲಕ್ಕೆ ತಾಗುವಂತೆ ನಿಧಾನ ಆಡಿಸಿ. ಅರ್ಧ ಎಕರೆಗೆ ನಾಲ್ಕೈದು ಬೆಳಗು ಬೇಕಾದೀತು.

ಮಿಷನ್ ಬಂತು ಅಂತ ಗೊತ್ತಾದರೆ ಹಳೇ ಗುಡಿ ಹತ್ತಿರ ಒಂದು ಸಲ ಆಡಿಸೋಣ ಬಾ ಅಂತ ಕರೆಯುವವರು ಬರುತ್ತಾರೆ. ಹೋಗಬೇಡಿ. ನಿಧಿಗೆ ನಮ್ಮ ರಾಜ್ಯದಲ್ಲಿ 1962ರ ಕಾನೂನೇ ಇದೆ, ಸಿಕ್ಕಿದ್ದನ್ನು ಡಿಸಿಗೆ ತಿಳಿಸಬೇಕು. ಕೆಜಿಎಫ್ ಗುಡ್ಡೆಗಳ ಆಸೆಯೂ ಬೇಡ. ಅಲ್ಲಿಯ ಚಿನ್ನ ಕಲ್ಲಿನೊಳಗಿನ ಧೂಳು, ಇಂಥ ಮಿಷನ್ನಿಗೆ ಕಾಣುವುದಿಲ್ಲ.

ಹೆಡ್‌ಫೋನ್ ಮಾತ್ರ ಮರೆಯದೆ ತಗೊಳ್ಳಿ. ಇಲ್ಲದಿದ್ದರೆ ಮೊದಲ ಕೂಗಿಗೇ ಊರ ಹುಡುಗರೆಲ್ಲ ಬದುವಿನ ಮೇಲೆ ಸಾಲಾಗಿ ಕೂತಿರುತ್ತಾರೆ.