ರೀಬಿಲ್ಡ್ ಮಾಡಿದ ಎಂಜಿನ್‌ನಲ್ಲಿ ವಾಲ್ವ್ ಕಡೆಯಿಂದ ಟಿಕ್ ಟಿಕ್ ಸದ್ದು: ಎಲ್ಲಿಂದ ಹುಡುಕಬೇಕು?

ಮೊದಲು ಆಯಿಲ್ ಪ್ರೆಷರ್. ಡ್ಯಾಶ್‌ಬೋರ್ಡ್ ದೀಪವನ್ನು ನಂಬಬೇಡಿ, ಮೆಕ್ಯಾನಿಕಲ್ ಗೇಜ್ ಹಾಕಿ ಎಂಜಿನ್ ಬಿಸಿಯಾದ ಮೇಲೆ ಅಳೆಯಿರಿ. ಪ್ರೆಷರ್ ಕಡಿಮೆಯಿದ್ದರೆ ಹೈಡ್ರಾಲಿಕ್ ಲಿಫ್ಟರ್ (ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್‌ಗೂ ವಾಲ್ವ್‌ಗೂ ನಡುವಿನ ಸಂದನ್ನು ಆಯಿಲ್ ಒತ್ತಡದಿಂದ ಮುಚ್ಚುವ ಭಾಗ) ತುಂಬುವುದಿಲ್ಲ. ಆಗ ವಾಲ್ವ್ ಅಡ್ಜಸ್ಟ್ ಮಾಡಿ ಪ್ರಯೋಜನವಿಲ್ಲ.

ವಾಲ್ವ್ ಸದ್ದು ಕ್ರ್ಯಾಂಕಿನ ಅರ್ಧ ವೇಗದಲ್ಲಿ ಬರುತ್ತದೆ. ಒಂದು ಸಿಲಿಂಡರ್‌ನ ಸ್ಪಾರ್ಕ್ ನಿಲ್ಲಿಸಿದಾಗ ಸದ್ದು ತಗ್ಗಿದರೆ ಅನುಮಾನ ಪಿಸ್ಟನ್ ಅಥವಾ ಕನೆಕ್ಟಿಂಗ್ ರಾಡ್ ಮೇಲೆ. ತಣ್ಣಗಿದ್ದಾಗ ಜೋರಾಗಿ, ಬಿಸಿಯಾದಂತೆ ಕರಗುವ ಟಿಕ್ ಅನೇಕ ಸಲ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನ ಲೀಕ್. ಇದಕ್ಕೇ ಬಹಳ ಜನ ಹೆಡ್ ಬಿಚ್ಚಿಬಿಡುತ್ತಾರೆ!

ಸಾಲಿಡ್ ಟ್ಯಾಪೆಟ್ (ಆಯಿಲ್ ತುಂಬದ ಗಟ್ಟಿ ಲಿಫ್ಟರ್) ಆದರೆ ಕೆಲಸ ಸುಲಭ. ಐಡಲ್‌ನಲ್ಲಿ ಒಂದೊಂದೇ ರಾಕರ್ (ವಾಲ್ವನ್ನು ಒತ್ತುವ ತೋಳು) ಮತ್ತು ವಾಲ್ವ್ ತುದಿಯ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. ಎಲ್ಲಿ ಸದ್ದು ನಿಲ್ಲುತ್ತದೋ ಅದೇ ಜಾಗ.

ಪುಶ್‌ರಾಡ್ (ಲಿಫ್ಟರ್‌ನಿಂದ ರಾಕರ್‌ಗೆ ಚಲನೆ ಒಯ್ಯುವ ಕಡ್ಡಿ) ಇರುವ ಹೈಡ್ರಾಲಿಕ್ ಲಿಫ್ಟರ್ ಎಂಜಿನ್‌ನಲ್ಲಿ ಪುಶ್‌ರಾಡ್ ಉದ್ದವೇ ಮುಖ್ಯ. ಕ್ಯಾಮ್ ಮರುಗ್ರೈಂಡ್ ಮಾಡಿಸಿದರೆ ಅದರ ಬೇಸ್ ಸರ್ಕಲ್ (ವಾಲ್ವ್ ಮುಚ್ಚಿರುವಾಗ ಲಿಫ್ಟರ್ ಕೂರುವ ದುಂಡು ಭಾಗ) ಚಿಕ್ಕದಾಗಿ ಲಿಫ್ಟರ್ ಕೆಳಗಿಳಿಯುತ್ತದೆ, ಪ್ರೀಲೋಡ್ (ಲಿಫ್ಟರ್ ಒಳಗಿನ ಪ್ಲಂಜರ್ ಮೊದಲೇ ಸ್ವಲ್ಪ ಒತ್ತಿರಬೇಕಾದ ಪ್ರಮಾಣ) ಹೋಗುತ್ತದೆ, ಸದ್ದು ಶುರು. ದಪ್ಪ ಹೆಡ್ ಗ್ಯಾಸ್ಕೆಟ್‌ನಿಂದಲೂ ಹೀಗೇ. ಹೆಡ್ ಸ್ಕಿಮ್ಮಿಂಗ್ (ಹೆಡ್‌ನ ತಳ ತುಸು ಕೊರೆದು ಸಮ ಮಾಡುವುದು) ಇದಕ್ಕೆ ತಿರುಗಾಮುರುಗಾ: ಪ್ರೀಲೋಡ್ ಹೆಚ್ಚಿ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಬೀಳುತ್ತದೆ. ಪ್ರೀಲೋಡ್ ಸರಿಪಡಿಸಬೇಕಾದ ಸಿಲಿಂಡರನ್ನು ಕಂಪ್ರೆಷನ್ ಟಿಡಿಸಿಗೆ (ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ತೀರ ಮೇಲಿರುವ ಸ್ಥಾನ) ತಂದು, ಪುಶ್‌ರಾಡನ್ನು ಮೇಲೆ ಕೆಳಗೆ ಆಡಿಸುತ್ತಾ ಅಲುಗಾಟ ನಿಲ್ಲುವವರೆಗೆ ರಾಕರ್ ನಟ್ ಬಿಗಿ ಮಾಡಿ. ಪುಶ್‌ರಾಡನ್ನು ಬೆರಳಲ್ಲಿ ತಿರುಗಿಸಿ ನೋಡುವುದನ್ನೇ ಅಳತೆ ಮಾಡಿಕೊಂಡರೆ ಹೆಚ್ಚು ಬಿಗಿಯಾಗುತ್ತದೆ. ಅಲ್ಲಿಂದ ಮುಂದೆ ಮ್ಯಾನುಯಲ್ ಹೇಳಿದಷ್ಟು, ಸಾಮಾನ್ಯವಾಗಿ ಅರ್ಧದಿಂದ ಒಂದು ಸುತ್ತು.

ಇಷ್ಟಾದರೂ ಒಂದೇ ವಾಲ್ವ್ ಸದ್ದು ಮಾಡುತ್ತಿದ್ದರೆ ಡಯಲ್ ಗೇಜ್‌ನಿಂದ ಕ್ಯಾಮ್‌ನ ಎಲ್ಲ ಲೋಬ್‌ಗಳ (ಲಿಫ್ಟರನ್ನು ಎತ್ತುವ ಉಬ್ಬುಗಳ) ಲಿಫ್ಟ್, ಅಂದರೆ ಎತ್ತುವ ಎತ್ತರ, ಹೋಲಿಸಿ. ಒಂದರದ್ದು ಸ್ಪಷ್ಟವಾಗಿ ಕಡಿಮೆಯಿದ್ದು, ಆಯಿಲ್ ಫಿಲ್ಟರ್ ಕತ್ತರಿಸಿದಾಗ ಲೋಹದ ಪುಡಿಯೂ ಕಂಡರೆ ಲೋಬ್ ಸವೆದಿದೆ: ಕ್ಯಾಮ್, ಲಿಫ್ಟರ್‌ಗಳ ಪೂರ್ತಿ ಸೆಟ್ ಬದಲಿಸಿ.